ಗುಡುಗಿಗಲ್ಲ, ಜಡಿಮಳೆಗೆ ಹೆದರಬೇಕು

ಗಂಡ-ಹೆಂಡಿರ ಜಗಳದಲ್ಲಿ ಗಂಡ ಗುಡುಗು, ಹೆಂಡತಿ ಮಿಂಚು ಅಂತ ನಿಮ್ಮ ಬರಹದಲ್ಲಿ ಬರೆದಿದ್ದೀರಿ. ನಮ್ಮ ತೀರ್ಥಹಳ್ಳಿ ಕಡೆ ಲೆಕ್ಕವೇ ಬೇರೆ ಮಾರಾಯ್ರೇ. ಮಿಂಚೂ ಅವಳದೇ, ಗುಡುಗೂ ಅವಳದೇ. ನಾವೇನಿದ್ದರೂ ಕರೆಂಟು, ಮೊದಲ ಹನಿಗೇ ಹೋಗುತ್ತೇವೆ.

ಹೋದ ಮೇ ತಿಂಗಳಲ್ಲಿ ಅಂಗಳದ ಚಾಪೆ ಮೇಲೆ ಹಲಸಿನ ಹಪ್ಪಳ ಒಣಗುತ್ತಿತ್ತು. 'ಮೋಡ ಆದ್ರೆ ಒಳಗೆ ತನ್ನಿ' ಅಂದಿದ್ದಳು. ಜಗಲಿಯಲ್ಲಿ ಕೂತವನು ಹಾಗೇ ತೂಕಡಿಸಿದೆ. ಎದ್ದು ನೋಡಿದರೆ ಹಪ್ಪಳವೆಲ್ಲ ಮತ್ತೆ ಹಿಟ್ಟಾಗಿ ಚಾಪೆಗೆ ಅಂಟಿತ್ತು. ಮಿಂಚು ಕಂಡ 3 ಸೆಕೆಂಡಿಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 1 ಕಿಲೋಮೀಟರ್ ದೂರ ಅಂತ ಲೆಕ್ಕ, ಅಲ್ವಾ? ಅವಳು ಅಡುಗೆಮನೆ ಬಾಗಿಲಲ್ಲಿ ನಿಂತು ಒಂದು ನೋಟ ನೋಡಿದಳು. ಎಣಿಸೋಕೆ ಟೈಮೇ ಸಿಗಲಿಲ್ಲ.

ಅದಾದರೂ ಪರವಾಗಿಲ್ಲ, ಮೇ ತಿಂಗಳ ಮಳೆ ಅರ್ಧ ಗಂಟೆ ಅಬ್ಬರಿಸಿ ಬಿಡುತ್ತದೆ. ಹೆದರಬೇಕಾದ್ದು ಜೂನ್ ಕೊನೆಗೆ ಹಿಡಿಯುವ ಆರಿದ್ರೆ ಮಳೆಗೆ. ಗುಡುಗಿಲ್ಲ, ಮಿಂಚಿಲ್ಲ, ಸುಮ್ನೆ ಜಡಿ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಕಾಣುವ ಆಗುಂಬೆಯವರನ್ನು ಕೇಳಿ. ನಮ್ಮನೆಯಲ್ಲೂ ನಾಲ್ಕು ದಿನ ಮಾತಿಲ್ಲ, ಬರೀ ಗಂಜಿ, ಉಪ್ಪಿನಕಾಯಿ. ಐದನೇ ದಿನ ಹೊಸ ಹಲಸಿನಕಾಯಿ ಹೊತ್ತು ತಂದು, ಕೈಯೆಲ್ಲ ಮೇಣ ಮಾಡಿಕೊಂಡು ತೊಳೆ ಬಿಡಿಸಿದೆ. ಆಗ ಸ್ವಲ್ಪ ಹೊಳವಾಯಿತು.