'ಕಮಾಂಡೋ' ಆಟ ಸಿನಿಮಾದಿಂದ ಬಂದದ್ದಲ್ಲ

'ಕಮಾಂಡೋ' ವಿಡಿಯೊ ಆಟವನ್ನು ಶ್ವಾರ್ಜ಼ನೆಗರ್ ಸಿನಿಮಾ ನೋಡಿ ಮಾಡಿದ್ದು ಎಂಬ ಮಾತು ಮತ್ತೆ ಓಡಾಡುತ್ತಿದೆ. ಇದು ತಪ್ಪು. ಎರಡೂ 1985ರವೇ, ಹೆಸರೂ ಒಂದೇ. ಹಾಗಾಗಿ ಗೊಂದಲ ಸಹಜ. ಆದರೆ ಜಪಾನಿನ ಕ್ಯಾಪ್‌ಕಾಮ್ ಕಂಪನಿಯ ಆರ್ಕೇಡ್ (ಕಾಸು ಹಾಕಿ ಆಡುವ ಯಂತ್ರದ) ಆಟವೇ ಮೊದಲು ಬಂತು. ಸಿನಿಮಾ ತೆರೆಕಂಡಿದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ. ಜಪಾನಿನಲ್ಲಿ ಆಟದ ಹೆಸರೇ ಬೇರೆ, 'ಸೆಂಜೋ ನೋ ಓಕಾಮಿ'. ಅಂದರೆ ರಣರಂಗದ ತೋಳ. ನಾಯಕ ಸೂಪರ್ ಜೋ. ಸಿನಿಮಾದಲ್ಲಿ ಜಾನ್ ಮ್ಯಾಟ್ರಿಕ್ಸ್.

ಕಮೊಡೋರ್ 64 ಎಂಬ ಆಗಿನ ಮನೆ ಕಂಪ್ಯೂಟರಿನಲ್ಲಿ ಇದನ್ನು ಆಡಿದವರು ಇನ್ನೊಂದು ಮಾತು ಸೇರಿಸುತ್ತಾರೆ: ಸಂಗೀತ ಪೂರ್ತಿ ರಾಬ್ ಹಬ್ಬರ್ಡ್ ಅವರದ್ದು ಅಂತ. ಅರ್ಧ ಸರಿ. ಮೂಲ ಧಾಟಿ ಆರ್ಕೇಡ್‌ನದ್ದು, ತಮಾಯೋ ಕವಾಮೋಟೋ ಅವರದ್ದು. ಹಬ್ಬರ್ಡ್ ಅದನ್ನು ಕಮೊಡೋರ್‌ನಲ್ಲಿ ಸದ್ದು ಹೊರಡಿಸುವ ಸಿಡ್ ಚಿಪ್‌ನ ಮೂರೇ ಮೂರು ದನಿಗಳಿಗೆ ಹೊಂದಿಸಿ, ತಮ್ಮದೇ ಮಸಾಲೆ ಹಾಕಿದರು. ಆಟ ಶುರು ಮಾಡದೆ ಸುಮ್ನೆ ಕೇಳುತ್ತಾ ಕೂತವರು ಎಷ್ಟೋ ಜನ, ನಾನೂ ಅದರಲ್ಲೊಬ್ಬ!

ಇನ್ನು 'ಮನೆ ಕಂಪ್ಯೂಟರಿನಲ್ಲೂ ಆರ್ಕೇಡ್ ಥರಾನೇ ಆಡಬಹುದಿತ್ತು' ಎಂಬ ಮಾತು. ಅದೂ ಸರಿಯಲ್ಲ. ಆರ್ಕೇಡ್‌ನಲ್ಲಿ ಗುಂಡು ಹಾರಿಸಲು ಒಂದು, ಗ್ರೆನೇಡ್ ಎಸೆಯಲು ಒಂದು ಬಟನ್. ಕಮೊಡೋರ್ ಜಾಯ್‌ಸ್ಟಿಕ್‌ನಲ್ಲಿ ಗುಂಡು ಹಾರಿಸುವ ಬಟನ್ ಒಂದೇ. ಅಲ್ಲಿಗೇ ಲೆಕ್ಕ ತಪ್ಪಿತು, ಅಲ್ವಾ?