ನದಿ ದಡದಲ್ಲಿ ಖಾಸಗಿ ಟರ್ಮಿನಲ್: ಎನ್‌ಒಸಿ ಒಂದೇ ಸಾಕೇ?

ಪರ

ನದಿಯಲ್ಲಿ ಸರಕು ಸಾಗಿಸಬೇಕು ಅಂತ ಎಲ್ಲರೂ ಹೇಳುತ್ತಾರೆ. ಬಾರ್ಜ್, ಅಂದರೆ ಸರಕು ಸಾಗಿಸುವ ಚಪ್ಪಟೆ ತಳದ ದೋಣಿ, ನಿಲ್ಲಲು ಜಾಗ ಬೇಕಲ್ವಾ? 2016ರ ಕಾಯ್ದೆಯಿಂದ ರಾಷ್ಟ್ರೀಯ ಜಲಮಾರ್ಗಗಳು 111 ಆದವು. ಅಷ್ಟೂ ಕಡೆ ಸರ್ಕಾರವೇ ಟರ್ಮಿನಲ್ ಕಟ್ಟುವುದು ಆಗದ ಮಾತು.

ಅದಕ್ಕೇ 2025ರ ನಿಯಮ ಸರಿ ಅನಿಸುತ್ತದೆ. ಖಾಸಗಿಯವರು ಸೇರಿ ಯಾರೇ ಟರ್ಮಿನಲ್ ಕಟ್ಟಲಿ, ನಡೆಸಲಿ, ಭಾರತೀಯ ಒಳನಾಡು ಜಲಮಾರ್ಗ ಪ್ರಾಧಿಕಾರದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆಯಬೇಕು. ಈಗಾಗಲೇ ಇರುವವಕ್ಕೂ ಇದೇ ನಿಯಮ. ತಾತ್ಕಾಲಿಕವಾದರೆ ಮೊದಲಿಗೆ 5 ವರ್ಷ, ಆಮೇಲೆ ವಿಸ್ತರಿಸಬಹುದು. ಕಾಯಂ ಆದರೆ ಅದು ಇರುವಷ್ಟು ಕಾಲವೂ ನಡೆಸಬಹುದು. ವಿನ್ಯಾಸ, ನಿರ್ಮಾಣ, ಹೋಗಿಬರುವ ದಾರಿ ಎಲ್ಲವೂ ಕಟ್ಟುವವರ ಹೊಣೆ. ದುಡ್ಡು ಹಾಕುವವನಿಗೆ ಬೇಕಾದದ್ದು ಈ ಭರವಸೆಯೇ. ಐದು ವರ್ಷಕ್ಕೆ ಜಾಗ ಖಾಲಿ ಮಾಡಿ ಅಂದರೆ ಯಾರು ತಾನೇ ಕ್ರೇನ್ ತಂದು ನಿಲ್ಲಿಸುತ್ತಾರೆ?

2018ರ ನವೆಂಬರ್‌ನಲ್ಲಿ ಕೋಲ್ಕತ್ತದಿಂದ ಒಂದೇ ಹಡಗು 16 ಕಂಟೇನರ್ ಹೊತ್ತು ವಾರಾಣಸಿಯ ಹೊಸ ಟರ್ಮಿನಲ್‌ಗೆ ಬಂತು. ರಸ್ತೆಯಲ್ಲಾಗಿದ್ದರೆ ಅದಕ್ಕೆ 16 ಲಾರಿ ಬೇಕಿತ್ತು.

ವಿರೋಧ

ಟರ್ಮಿನಲ್ಲೇ ಬೇಡ ಅನ್ನುತ್ತಿಲ್ಲ. ಆದರೆ ಎನ್‌ಒಸಿ ಕೊಡುವ ಪ್ರಾಧಿಕಾರದ ಕೆಲಸವೇ ಜಲಮಾರ್ಗ ಬೆಳೆಸುವುದು. ಹಾಗಿರುವಾಗ ನದಿಯ ಪರ ಮಾತಾಡುವವರು ಯಾರು? ಪರಿಸರದ ಅನುಮತಿಯನ್ನು ಬೇರೆಯವರು ನೋಡಿಕೊಳ್ಳುತ್ತಾರೆ ಅಂದರೆ ಸಾಲದು. ಒಂದೊಂದು ಜೆಟ್ಟಿಯನ್ನೂ ಬಿಡಿಬಿಡಿಯಾಗಿ ನೋಡಿದರೆ ಇಡೀ ನದಿಯ ಲೆಕ್ಕ ಸಿಗುವುದಿಲ್ಲ.

ಗಂಗೆಯನ್ನೇ ನೋಡಿ. ಹಲ್ದಿಯಾದಿಂದ ಪ್ರಯಾಗರಾಜ್‌ವರೆಗೆ 1,620 ಕಿ.ಮೀ. ಜಲಮಾರ್ಗ. ಬಿಹಾರದ ಸುಲ್ತಾನ್‌ಗಂಜ್–ಕಹಲ್‌ಗಾಂವ್ ನಡುವೆ ಅದು ವಿಕ್ರಮಶಿಲಾ ಡಾಲ್ಫಿನ್ ಅಭಯಾರಣ್ಯದ ಒಳಗೇ ಹಾದುಹೋಗುತ್ತದೆ. ಗಂಗಾ ಡಾಲ್ಫಿನ್‌ಗೆ ಕಣ್ಣು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ತಾನೇ ಸದ್ದು ಮಾಡಿ, ಅದು ತಾಗಿ ಮರಳುವುದನ್ನು ಕೇಳಿಸಿಕೊಂಡು ಮೀನು ಹಿಡಿಯುತ್ತದೆ. ಬಾರ್ಜಿನ ಎಂಜಿನ್ ಸದ್ದು ಆ ಕಿವಿಗೇ ಬಂದು ಬಡಿಯುತ್ತದೆ. ಬಾರ್ಜ್ ಓಡಾಡಲು ಆಳವೂ ಬೇಕು, ಅದಕ್ಕೆ ಯಂತ್ರ ಇಳಿಸಿ ಹೂಳೆತ್ತಬೇಕು. ಮಳೆಗಾಲ ಮತ್ತೆ ಹೂಳು ತಂದು ತುಂಬುತ್ತದೆ, ಮತ್ತೆ ಯಂತ್ರ ಇಳಿಸಬೇಕು.

ನಮ್ಮ ಶರಾವತಿ, ಕಾಳಿ, ನೇತ್ರಾವತಿ, ಗುರುಪುರ, ಪಂಚಗಂಗಾವಳಿ ನದಿಗಳೂ ಆ 111ರ ಪಟ್ಟಿಯಲ್ಲಿವೆ. ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಲ್ಲಿ ನಿಂತು ಚಿಪ್ಪು ಹೆಕ್ಕುವವರ, ಬಲೆ ಬೀಸುವವರ ಹೆಸರಲ್ಲಿ ಅಳಿವೆಯ (ನದಿ ಕಡಲು ಸೇರುವ ಜಾಗದ) ಪಹಣಿ ಇರುವುದಿಲ್ಲ. ಕಾಯಂ ಟರ್ಮಿನಲ್ ಬಂದರೆ ಅವರ ಪಾಲಿಗೆ ಆ ಜಾಗ ಕಾಯಂ ಆಗಿ ಹೋಯಿತು. ಎನ್‌ಒಸಿ ಕೊಡುವ ಮೊದಲು ದಡದ ಊರಲ್ಲೇ ಅಹವಾಲು ಕೇಳಲಿ. ಕಾಯಂ ಅನುಮತಿಯನ್ನೂ ಹತ್ತು ವರ್ಷಕ್ಕೊಮ್ಮೆ ಮರುಪರಿಶೀಲಿಸಲಿ. ಮೀನು ಮೊಟ್ಟೆಯಿಡುವ ತಿಂಗಳುಗಳಲ್ಲಿ ಹೂಳೆತ್ತುವುದು ನಿಲ್ಲಲಿ.