ಪಹಣಿಯಲ್ಲಿರೋ ತಾತನೇ ಪಕ್ಕಾ ರೈತ

ಕಡೂರು ಕಡೆ ಯಾವ್ದಾದ್ರೂ ಹಳ್ಳಿಗೆ ಹೋಗಿ ಇಲ್ಲಿ ರೈತ ಯಾರಪ್ಪ ಅಂತ ಕೇಳಿ, ರಾಗಿ ಹೊಲದಲ್ಲಿ ಬಗ್ಗಿ ಕಳೆ ಕೀಳ್ತಿರೋನನ್ನ ತೋರಿಸ್ತಾರೆ. ಕಂಪ್ಯೂಟರ್‌ಗೆ ಕೇಳಿ, ಅವನ ತಾತನ ಹೆಸರು ಹೇಳುತ್ತೆ. ತಾತ ಶಿವನ ಪಾದ ಸೇರಿ ಯಾವ ಕಾಲ ಆಯ್ತೋ, ಜಮೀನಿನ ದಾಖಲೆ ಪಹಣೀಲಿ ಮಾತ್ರ ಗುಂಡ್ಕಲ್ಲಂಗೆ ಕೂತವ್ನೆ. ಪೌತಿ ಖಾತೆ, ಅಂದ್ರೆ ಸತ್ತೋರ ಜಮೀನು ವಾರಸುದಾರರ ಹೆಸರಿಗೆ ಮಾಡಿಸೋಣ ಅಂದ್ರೆ ವಂಶವೃಕ್ಷಕ್ಕೆ ಅಣ್ಣತಮ್ಮಂದಿರು ಸೈನ್ ಹಾಕ್ಬೇಕು, ಅವ್ರು ಮಾತು ಬಿಟ್ಟಿರೋದೇ ಆ ಹೊಲದ ವಿಷ್ಯಕ್ಕೆ.

2019ರಲ್ಲಿ ರೈತರಿಗೆ ಕೇಂದ್ರ ದುಡ್ಡು ಕೊಡೋ ಕಿಸಾನ್ ಸಮ್ಮಾನ್ ಬಂತಲ್ಲ, ವರ್ಷಕ್ಕೆ 6,000, ಮೂರು ಕಂತು. ದಿನಕ್ಕೆ ಹದಿನಾರು ರೂಪಾಯಿ ಚಿಲ್ರೆ. ಕಾಫಿ ಬೆಳೆಯೋ ಜಿಲ್ಲೇಲಿ ಒಂದ್ ಲೋಟ ಕಾಫಿ ಕುಡೀಬೋದು, ಬನ್ ಕೇಳ್ಬೇಡಿ. ಅದಕ್ಕೊಂದು ಷರತ್ತು ಇಟ್ರು: 2019ರ ಫೆಬ್ರವರಿ 1ಕ್ಕೆ ಜಮೀನು ನಿಮ್ಮ ಹೆಸರಲ್ಲಿ ಇರ್ಬೇಕು, ಆಮೇಲೆ ಹೆಸರು ಬದಲಾದ್ರೆ ಮುಂದಿನ 5 ವರ್ಷ ಲೆಕ್ಕಕ್ಕಿಲ್ಲ, ಆದ್ರೆ ಮಾಲೀಕ ಸತ್ತು ವಾರಸುದಾರಿಕೆಯಿಂದ ಬಂದಿದ್ರೆ ಓಕೆ. ಅಂದ್ರೆ ಅಪ್ಪ ಬದುಕಿದ್ದಾಗ್ಲೇ ಪ್ರೀತಿಯಿಂದ ಎರಡೆಕರೆ ಭಾಗ ಮಾಡಿ ಕೊಟ್ರೆ ಮಗ ರೈತ ಅಲ್ಲ, ಅಪ್ಪ ಹೋಗ್ಬಿಟ್ರೆ ಮಾತ್ರ ರೈತ! ಇಂಥ ಷರತ್ತು ಬರೆದೋರ ಮನೇಲಿ ಅಪ್ಪಂದಿರು ಹೆಂಗೆ ನಿದ್ದೆ ಮಾಡ್ತಿದ್ರೋ.

ಸರಿ, ಹೆಂಗೋ ಖಾತೆ ಆಯ್ತು ಅನ್ಕೊಳಿ. ಈಗ ನೀವು ಬದುಕಿದೀರಿ ಅಂತ ತೋರಿಸ್ಬೇಕು, ಅದಕ್ಕೆ ಇ-ಕೆವೈಸಿ, ಅಂದ್ರೆ ಬೆರಳಚ್ಚೋ ಓಟಿಪಿನೋ ಕೊಟ್ಟು ಆಧಾರ್ ಜೊತೆ ತಾಳೆ ನೋಡೋದು. ಗುದ್ದಲಿ ಹಿಡಿದೂ ಹಿಡಿದೂ ಬೆರಳಿನ ಗೆರೆಯೆಲ್ಲಾ ಸವೆದು ಹೋಗಿರುತ್ತೆ, ಇವ್ನು ಅಪ್ಪಟ ರೈತ ಅನ್ನೋಕೆ ಅದಕ್ಕಿಂತ ಸಾಕ್ಷಿ ಬೇಕಾ, ಆದ್ರೆ ಮೆಷಿನ್ ಕುಂಯ್ ಅಂದು ಮ್ಯಾಚ್ ಆಗ್ತಿಲ್ಲ ಅನ್ನುತ್ತೆ. ಆಫೀಸಲ್ಲಿ ಪೆನ್ನು ಹಿಡಿದು ಕೂತೋರ ಬೆರಳು ಮಾತ್ರ ಫಸ್ಟ್ ಟೈಮೇ ಓಕೆ. ಮೊಬೈಲ್‌ಗೆ ಓಟಿಪಿ ಬರ್ಲಿ ಅಂದ್ರೆ ಆಧಾರ್‌ಗೆ ಲಿಂಕ್ ಆಗಿರೋ ನಂಬರ್ ಬೆಂಗಳೂರಲ್ಲಿ ಕೆಲ್ಸ ಮಾಡೋ ಮಗಂದು, ಅವ್ನು ನೈಟ್ ಶಿಫ್ಟ್ ಮುಗಿಸಿ ಮಲ್ಗಿರ್ತಾನೆ. ಇದೆಲ್ಲಾ ದಾಟಿದ್ರೆ ಆಧಾರಲ್ಲಿ ರಂಗೇಗೌಡ, ಪಹಣೀಲಿ ರಂಗಯ್ಯ, ಪಾಸ್‌ಬುಕ್ಕಲ್ಲಿ ರಂಗಪ್ಪ, ಮೂರು ಜನಕ್ಕೂ ಹೆಂಡ್ತಿ ಒಬ್ಳೇ, ಅವ್ಳಿಗೆ ಕನ್‌ಫ್ಯೂಸ್ ಇಲ್ಲ, ಸಾಫ್ಟ್‌ವೇರ್‌ಗೆ ಇದೆ.

ಬೆಳೆ ಪರಿಹಾರದ ಕಥೆ ಇನ್ನೂ ಚೆಂದ. ಶೇ 33 ಅಥವಾ ಅದಕ್ಕಿಂತ ಜಾಸ್ತಿ ಹಾಳಾಗಿದ್ರೆ ಮಾತ್ರ ಹಾನಿ, ಕಾಲು ಭಾಗ ಹೋಗಿದ್ರೆ ಅದು ದೇವರ ಪಾಲು. 2023ರ ಬರದ ಟೈಮಲ್ಲಿ ಮಳೆ ನಂಬಿದ ಹೊಲಕ್ಕೆ ಹೆಕ್ಟೇರಿಗೆ 8,500 ಇತ್ತು, ಅಂದ್ರೆ ಗುಂಟೆಗೆ 86 ರೂಪಾಯಿ, ಅದೂ 2 ಹೆಕ್ಟೇರ್ ತನಕ. ಆ ವರ್ಷ ರಾಜ್ಯದ 236 ತಾಲೂಕಲ್ಲಿ 223ಕ್ಕೆ ಬರ ಅಂತ ಘೋಷಣೆ ಆಯ್ತು, ಆ ದುಡ್ಡಿಗೆ ಕೇಂದ್ರದ ಮೇಲೆ ರಾಜ್ಯ ಸರ್ಕಾರವೇ ಸುಪ್ರೀಂ ಕೋರ್ಟಿಗೆ ಹೋಗ್ಬೇಕಾಯ್ತು. ಸರ್ಕಾರಕ್ಕೇ ಸರ್ಕಾರದಿಂದ ಕಾಸು ಹುಟ್ಟಲ್ಲ, ನಮ್ಮ ರಂಗಪ್ಪ ಜೆರಾಕ್ಸ್ ಹಿಡ್ಕೊಂಡು ಹೋದ್ರೆ ಹುಟ್ಟುತ್ತಾ?

ರಾಜ್ಯದೋರೇನು ಕಮ್ಮಿ ಇಲ್ಲ ಬಿಡಿ. ಕೇಂದ್ರದ 6,000ಕ್ಕೆ ತಮ್ದೂ ಅಂತ 4,000 ಸೇರಿಸಿ ಕೊಡ್ತಿದ್ರು, 2023ರಲ್ಲಿ ಸರ್ಕಾರ ಬದ್ಲಾದ್ಮೇಲೆ ಅದು ತೀರ್ಕೊಂತು. ಅದಕ್ಕೆ ಮಾತ್ರ ಯಾರೂ ಡೆತ್ ಸರ್ಟಿಫಿಕೇಟ್ ಕೇಳ್ಲಿಲ್ಲ.